ರೂತ್‌ಗೆ ತುಂಬಿದ ಉಡಿ

ನಾನು ಓದಿದ ಶಾಲೆಯ ಇತಿಹಾಸ ಬರೆಸುತ್ತಿದ್ದಾರಂತೆ. ಹಳೆಯ ವಿದ್ಯಾರ್ಥಿನಿಯರೆಲ್ಲ ಒಂದೊಂದು ಪುಟ ಬರೆದುಕೊಡಬೇಕು, ಆದಷ್ಟು ಖುಷಿಯ ನೆನಪುಗಳೇ ಇರಲಿ ಎಂದು ಫೋನಿನಲ್ಲಿ ಒಬ್ಬ ಹುಡುಗಿ ಹೇಳಿದಳು. ನೆನಪು ಎಂಥದಿರಬೇಕೆಂದು ಮೊದಲೇ ಹೇಳಿಬಿಟ್ಟರೆ ನನಗೆ ತಲೆ ಬಿಸಿಯಾಗುತ್ತದೆ. ಆದರೂ ಹೋದೆ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿರುವ ಆ ಕಪ್ಪು ಕಲ್ಲಿನ ಕಟ್ಟಡದ ಪೋರ್ಚಿಗೆ ಕಾಲಿಟ್ಟದ್ದೇ ತಡ, ನೆಲಕ್ಕೆ ಹಚ್ಚುವ ಕೆಂಪು ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ಪ್ರಿನ್ಸಿಪಾಲ್ ಬದಲಾಗಿದ್ದಾರೆ, ಯೂನಿಫಾರ್ಮ್ ಬದಲಾಗಿದೆ, ಬೋರ್ಡಿಂಗ್ ಇದ್ದ ಕಡೆ ಕಂಪ್ಯೂಟರ್ ಕೋಣೆಗಳಾಗಿವೆ. ಈ ಹಾಳು ಪಾಲಿಶ್ ಮಾತ್ರ ಹಾಗೇ ಉಳಿದಿದೆ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಫೋನು ಮಾಡಿದ್ದ ಹುಡುಗಿಯೇ ಓಡಿಬಂದು ನೀರು ಕೊಟ್ಟಳು, ಪಾಪ.

ಅವಳಿಗೆ ಬೇಕಾದ ಪುಟವನ್ನು ಬರೆದುಕೊಟ್ಟೆ. ಸ್ಪೋರ್ಟ್ಸ್ ಡೇ ದಿನ ಓಟದಲ್ಲಿ ಮುಗ್ಗರಿಸಿ ಬಿದ್ದದ್ದು, ಕ್ರಿಸ್‌ಮಸ್ ನಾಟಕದಲ್ಲಿ ಕುರಿಯ ಪಾತ್ರ ಮಾಡುತ್ತಾ ಅಪ್ಪನನ್ನು ನೋಡಿ ಕೈ ಬೀಸಿದ್ದು, ಎಲ್ಲ ಖುಷಿಯದೇ. ಆದರೆ ಆ ವಾಸನೆ ಎಬ್ಬಿಸಿದ್ದು ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷವನ್ನು. ಅವರ ಪುಸ್ತಕದಲ್ಲಿ ಆ ವರ್ಷಕ್ಕೆ ಒಂದೇ ಸಾಲು: ಬೋರ್ಡಿಂಗ್ ಮುಚ್ಚಲಾಯಿತು. ನಮ್ಮ ಮನೆಯಲ್ಲಿ ಅದು ಅಷ್ಟು ಸಲೀಸಾಗಿ ಮುಗಿಯಲಿಲ್ಲ.

ಇಂಗ್ಲೆಂಡಿನ ಚರ್ಚಿನ ಪಾದ್ರಿಗಳು ಕಟ್ಟಿಸಿದ ಶಾಲೆ ಅದು. ಮೊದಲಿಗೆ ಬಿಳಿ ಸಿಪಾಯಿಗಳ, ರೈಲ್ವೆ ಸಾಹೇಬರ ಹೆಣ್ಣುಮಕ್ಕಳಿಗಾಗಿ. ಅವರು ಹಡಗು ಹತ್ತಿ ಹೋದ ಮೇಲೆ ಆಂಗ್ಲೋ-ಇಂಡಿಯನ್ ಹುಡುಗಿಯರಿಗಾಗಿ. ಅವರೂ ಆಸ್ಟ್ರೇಲಿಯಾ, ಕೆನಡಾ ಎಂದು ಒಬ್ಬೊಬ್ಬರಾಗಿ ಹೊರಟ ಮೇಲೆ ನಮ್ಮಂಥವರಿಗೂ ಬಾಗಿಲು ದೊಡ್ಡದಾಗಿ ತೆರೆಯಿತು. ನಾವು ದಿನಾ ಮನೆಯಿಂದ ಬಂದು ಹೋಗುವ ಡೇ ಸ್ಕಾಲರುಗಳು: ಪಾರ್ಸಿ, ಸಿಂಧಿ, ಮಾರವಾಡಿ, ಮರಾಠಿ, ಮತ್ತೆ ಬಿಬವೇವಾಡಿಯಿಂದ ಬಸ್ಸು ಬದಲಿಸಿಕೊಂಡು ಬರುವ ನಾನು. ಹಿಂದಿನ ಕಟ್ಟಡದ ಮಾಳಿಗೆಯಲ್ಲಿ ಬೋರ್ಡರುಗಳಿದ್ದರು. ಅಲ್ಲಿಯ ಡಾರ್ಮಿಟರಿಗಳಿಗೆ ಇಂಗ್ಲೆಂಡಿನ ನದಿಗಳ ಹೆಸರು. ಥೇಮ್ಸ್‌ನಲ್ಲಿ ತಿಗಣೆ ಕಾಟವೆಂದು ಬೀಗ ಜಡಿದಿದ್ದರು, ಉಳಿದವರೆಲ್ಲ ಏವನ್‌ನಲ್ಲಿ ಮಲಗುತ್ತಿದ್ದರು. ನಮ್ಮ ಕಾಲಕ್ಕೆ ಅಲ್ಲಿಯ ಮಂಚಗಳೂ ಮುಕ್ಕಾಲು ಪಾಲು ಖಾಲಿಯೇ.

ಬೋರ್ಡಿಂಗಿನದೊಂದು ಪದ್ಧತಿಯಿತ್ತು. ಊರಲ್ಲಿ ತನ್ನವರು ಯಾರೂ ಇಲ್ಲದ ಹುಡುಗಿಯನ್ನು ತಿಂಗಳ ಮೊದಲ ಭಾನುವಾರ ಒಬ್ಬ ಡೇ ಸ್ಕಾಲರ್ ತನ್ನ ಮನೆಗೆ ಕರೆದುಕೊಂಡು ಹೋಗಬೇಕು. ಅದಕ್ಕೆ ಹೋಮ್ ಸಂಡೇ ಎನ್ನುತ್ತಿದ್ದರು. ಸುಮ್ಮನೆ ಹುಡುಗಿಯ ಕೈ ಹಿಡಿದು ಹೋಗುವಂತಿಲ್ಲ. ಡೇ ಸ್ಕಾಲರಿನ ತಾಯಿಯೇ ಪೋರ್ಚಿನವರೆಗೆ ಬಂದು ಕರೆದೊಯ್ಯಬೇಕು, ಸಂಜೆಯ ಪ್ರಾರ್ಥನೆಯ ಗಂಟೆಗೆ ಮುಂಚೆ ಅವಳೇ ತಂದು ಒಪ್ಪಿಸಬೇಕು. ಆ ಜೂನಿನಲ್ಲಿ ಬೇರೆ ಸೆಕ್ಷನ್ನಿನಿಂದ ನಮ್ಮದಕ್ಕೆ ಬಂದು ನನ್ನ ಬೆಂಚಿನಲ್ಲಿ ಕೂತಿದ್ದ ರೂತ್ ಎಂಬ ಹುಡುಗಿಗೆ ಹೋಗಲು ಮನೆಯಿರಲಿಲ್ಲ. ನಾನು ಕೈ ಎತ್ತಿಬಿಟ್ಟೆ.

"ಯಾರದೋ ಹುಡುಗಿ, ಏನ್ ತಿಂತದೋ ಏನ್ ಬಿಡ್ತದೋ. ನನ್ನನ್ನ ಒಂದ್ ಮಾತು ಕೇಳಬಾರದೇನ ಸುಮಾ?" ಎಂದು ಅವ್ವ ವಾರವಿಡೀ ಗೊಣಗಿದಳು. ನನ್ನವ್ವ ಧಾರವಾಡದವಳು. ಅಪ್ಪ ಸ್ವಾರಗೇಟಿನ ಹತ್ತಿರ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರು. ಪುಣೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವ್ವನ ಮರಾಠಿ ಕಾಯಿಪಲ್ಲೆ ಅಂಗಡಿ ದಾಟಿ ಮುಂದೆ ಹೋಗಿರಲಿಲ್ಲ, ಇಂಗ್ಲಿಷಂತೂ ದೇವರೇ ಗತಿ. ಜುಲೈ ಮಳೆಯಲ್ಲಿ ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ಪೋರ್ಚಿಗೆ ಬಂದವಳು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ "ಕಮ್, ಬೇಬಿ" ಎಂಬ ಎರಡು ಶಬ್ದವನ್ನು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಬಿಳಿ ಫ್ರಾಕಿನ ರೂತ್ ಎರಡೂ ಕೈ ಜೋಡಿಸಿ, "ನಮಸ್ಕಾರ್ರೀ ಅಮ್ಮಾರ. ನಮ್ಮೂರು ಗದಗ ಬೆಟಗೇರಿ. ಕನ್ನಡದಾಗ ಮಾತಾಡ್ರಿ, ನನಗ ಬರ್ತೈತಿ" ಎಂದಳು.

ಅವ್ವ ಹೌಹಾರಿದಳು. ಹೌಹಾರಿದ್ದು ನಾನೂ. ಒಂದು ತಿಂಗಳಿಂದ ಒಂದೇ ಬೆಂಚಿನಲ್ಲಿ ಕೂತಿದ್ದೇವೆ, ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ರಬ್ಬರು ಕೇಳಿದ್ದೇವೆ, ಇಬ್ಬರಿಗೂ ಗೊತ್ತಾಗಿಲ್ಲ! ಅವಳ ಅಪ್ಪ ಇಲ್ಲೇ ಪುಣೆಯ ಖಡಕಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ತಾಯಿ ಮೊದಲೇ ತೀರಿಕೊಂಡಿದ್ದಳು, ಆಮೇಲೆ ಕಾಯಿಲೆಯಾಗಿ ಅಪ್ಪನೂ ಹೋದರು. ಶಾಲೆಯವರು ಅವಳನ್ನು ಚಿಕ್ಕಂದಿನಲ್ಲೇ ಬೋರ್ಡಿಂಗಿಗೆ ಸೇರಿಸಿಕೊಂಡಿದ್ದರು. ಉಳಿದವರೆಂದರೆ ಬೆಟಗೇರಿಯಲ್ಲಿ ಒಬ್ಬ ಕಾಕಾ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಬೇಸಿಗೆ ರಜೆಯಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಇದನ್ನೆಲ್ಲ ಅವ್ವ ಬಸ್ಸಿನಲ್ಲಿ ಸ್ವಾರಗೇಟು ಬರುವುದರೊಳಗೆ ಕೇಳಿ ಮುಗಿಸಿದ್ದಳು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ರೂತ್ ತಾಟಿನ ಮುಂದೆ ಕಣ್ಣು ಮುಚ್ಚಿ ಏನೋ ಪಿಸುಗುಟ್ಟಿದಳು.

"ಏನಂದಿ?" ಅವ್ವ ಕೇಳಿಯೇಬಿಟ್ಟಳು.

"ದೇವರಿಗೆ, ಅಡಗಿ ಮಾಡಿದವರಿಗೆ ಒಳ್ಳೇದು ಮಾಡಪಾ ಅಂದೆ."

"ಅಯ್ಯ, ಅಷ್ಟ ಹೌದಲ್ಲೊ! ನಾವು ಉಂಡ ಮ್ಯಾಲೆ ಅಂತೀವಿ, ನೀವು ಮೊದಲ ಅಂತೀರಿ. ಉಣ್ಣು, ರೊಟ್ಟಿ ಆರ್ತಾವ."

ಅಲ್ಲಿಂದ ಶುರುವಾಯಿತು ನೋಡಿ. ಹೋಮ್ ಸಂಡೇ ತಿಂಗಳಿಗೊಂದೇ ಆದರೂ ಅವ್ವ ಪೋರ್ಚಿಗೆ ಹೋಗಿ ಹೋಗಿ, ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ಸಾಳವೆ ಮಿಸ್ಸಿಗೆ ದುಂಬಾಲು ಬಿದ್ದು, ಪಂಚಮಿಗೆ, ಗಣಪತಿಗೆ, ದೀಪಾವಳಿಗೆಲ್ಲ ಹುಡುಗಿಯನ್ನು ಬಿಡಿಸಿಕೊಂಡು ಬಂದಳು. ಸಾಳವೆ ಮಿಸ್ ಮರಾಠಿ ಕ್ರಿಶ್ಚಿಯನ್ನರು, ನೋಡಲು ಗಡಸು, ಮನಸ್ಸು ಬೆಣ್ಣೆ. "ಘ್ಯಾ, ನ್ಯಾ ತುಮಚೀ ಪೋರ್," ನಿಮ್ಮ ಹುಡುಗಿಯನ್ನು ಒಯ್ಯಿರಿ ಎಂದು ನಕ್ಕು ಕಳಿಸುತ್ತಿದ್ದರು. ಮನೆಗೆ ಬಂದರೆ ಇಬ್ಬರೂ ಅಡುಗೆಮನೆಯ ಕಟ್ಟೆ ಹಿಡಿದು ನಿಂತುಬಿಡುತ್ತಿದ್ದರು. ಗದಗಿನ ಬದನೆಕಾಯಿ ದೊಡ್ಡದೋ ಧಾರವಾಡದ್ದೋ, ಇದೇ ಮಾತು. ರೂತ್ ಅವ್ವನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದಳು. ನನ್ನ ಕನ್ನಡ ಅರ್ಧ ಮರಾಠಿ, ಕಾಲು ಇಂಗ್ಲಿಷು. "ನಿನ್ನ ಹಡದಿದ್ದಕ್ಕ ಸಾರ್ಥಕಾತು, ಒಂದ್ ಮಾತು ನೆಟ್ಟಗ ಬರೂದಿಲ್ಲ. ರೂತವ್ವನ ನೋಡಿ ಕಲಿ" ಎಂದು ಅವ್ವ ಅನ್ನುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ರೂತ್ ಮೇಲೆ ಸಿಟ್ಟು ಮಾಡಿಕೊಂಡು ಕೂರಲು ಆಗುತ್ತಿರಲಿಲ್ಲ. ಅವಳು ನನ್ನ ಗಣಿತ ಮಾಡಿಕೊಡುತ್ತಿದ್ದಳಲ್ಲ!

ಡಿಸೆಂಬರಿನಲ್ಲಿ ಶಾಲೆಯ ಚಾಪೆಲಿನಲ್ಲಿ ಕ್ರಿಸ್‌ಮಸ್ ಹಾಡುಗಳ ಸಂಜೆ. ರೂತ್ ಒಬ್ಬಳೇ ಒಂದು ಹಾಡು ಹಾಡುವವಳಿದ್ದಳು, ಮೌಶಿ ಬರಲೇಬೇಕೆಂದು ಹಟ. ನಾವು ಮೂವರೂ ಹೋದೆವು. ಅವ್ವ ಒಳಗೆ ಹೋಗುವ ಮೊದಲು ಚಪ್ಪಲಿ ಬಿಟ್ಟಳು, ಅಪ್ಪನೂ ಬಿಟ್ಟರು, ನಾಚಿಕೊಂಡೇ ನಾನೂ ಬಿಟ್ಟೆ. ಬೂಟು ಹಾಕಿಕೊಂಡವರ ನಡುವೆ ಬರಿಗಾಲಲ್ಲಿ ಮೊದಲ ಸಾಲಿಗೇ ಹೋಗಿ ಕೂತ ಅವ್ವ, ರೂತ್ ಹಾಡಿ ಮುಗಿಸಿದ್ದೇ ಎದ್ದು ನಿಂತು ಚಪ್ಪಾಳೆ ಹೊಡೆದಳು. ಅಲ್ಲಿ ಹಾಗೆ ಯಾರೂ ಹೊಡೆಯುವುದಿಲ್ಲ. ನಾನು ತಲೆ ತಗ್ಗಿಸಿದೆ. ರೂತ್ ಮಾತ್ರ ಅವ್ವನನ್ನೇ ನೋಡಿ ನಗುತ್ತಿದ್ದಳು, ಅಷ್ಟು ಚೆಂದವಾಗಿ ಅವಳು ನಕ್ಕದ್ದನ್ನು ನಾನು ಮತ್ತೆ ನೋಡಿದ್ದು ಕಡಿಮೆ.

ಯಾಕೆಂದರೆ ಜನವರಿಯಲ್ಲಿ ಸುದ್ದಿ ಬಂತು. ಹುಡುಗಿಯರು ಬರುತ್ತಿಲ್ಲ, ಹಳೆಯ ಮಾಳಿಗೆ ಸೋರುತ್ತಿದೆ, ಪರೀಕ್ಷೆ ಮುಗಿದ ಮೇಲೆ ಬೋರ್ಡಿಂಗ್ ಮುಚ್ಚುತ್ತೇವೆ, ಶಾಲೆ ಮಾತ್ರ ನಡೆಯುತ್ತದೆ ಎಂದರು. ಉಳಿದ ಬೋರ್ಡರುಗಳಿಗೆ ಎಲ್ಲೆಲ್ಲೋ ಅತ್ತೆ, ಅಜ್ಜಿ, ಬೇರೆ ಊರಿನ ಬೋರ್ಡಿಂಗು ಸಿಕ್ಕಿತು. ರೂತ್ ಬೆಟಗೇರಿಗೆ ಹೋಗಬೇಕಿತ್ತು. ಹತ್ತನೆಯ ತರಗತಿ ಎದುರಿಗಿತ್ತು.

"ಅಲ್ಲಿ ಹೋದ್ರ ಎಲ್ಲಾ ಕನ್ನಡದಾಗ ಬರೀಬೇಕ್ರಿ ಮೌಶಿ" ಎಂದಳು ಒಂದು ಭಾನುವಾರ, ರೊಟ್ಟಿ ಮುಟ್ಟದೆ. "ನನಗ ಮಾತಾಡಾಕ ಅಷ್ಟ ಬರ್ತೈತಿ. ಅಪ್ಪ ಬೈಬಲ್ ಓದಾಕ ಕಲಿಸಿದ್ರು, ಬರಿಯಾಕ ಕಲಸೂದ್ರಾಗ ಹೋದ್ರು. ನಾ ಫೇಲ್ ಆಗ್ತೀನ್ರಿ. ಫೇಲ್ ಆದ್ರ ಕಾಕಾ ಮತ್ತ ಓದಸಾಂಗಿಲ್ಲ." ಅವಳಿಗೆ ಮುಂದೆ ನರ್ಸಿಂಗ್ ಓದಬೇಕೆಂದಿತ್ತು, ಅವಳ ತಾಯಿಯ ಹಾಗೆ.

ಮರುದಿನ ಅಪ್ಪ ಆಫೀಸಿಗೆ ಹೊರಟು ನಿಂತಾಗ, ಅವ್ವ ಊಟದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಕೊಡದೆ, ಹೇಳಿದಳು: "ಜೂನ್‌ದಿಂದ ರೂತ್ ನಮ್ಮಲ್ಲೇ ಇರ್ತಾಳ. ಹತ್ತನೇತ್ತೆ ಮುಗಿಯೂ ತನಕ."

"ಮಂದಿ ಮನಿ ಹುಡುಗಿ. ವಯಸ್ಸಿಗೆ ಬಂದಾಕಿ. ಹೆಚ್ಚು ಕಡಿಮಿ ಆದ್ರ ಯಾರು ಉತ್ತರಾ ಕೊಡಾವ್ರು?" ಎಂದರು ಅಪ್ಪ. "ಅದೂ ಅಲ್ಲದ ಪೇಪರಿನ್ಯಾಗ ದಿನಾ ಏನೇನ್ ಬರಾಕತ್ತದ ನೋಡೀಯಿಲ್ಲೊ? ಚರ್ಚು, ಧರ್ಮ, ಜಗಳ. ನಾಳೆ ಅವರೂ ತಪ್ಪ ತಿಳಕೋತಾರ, ನಮ್ಮವರೂ ತಪ್ಪ ತಿಳಕೋತಾರ."

"ತಿಳಕೊಳ್ಳಾವ್ರು ತಿಳಕೊಳ್ಳಿ. ಆ ಕೂಸಿಗೆ ಓದಾಕ ಒಂದ್ ಮೂಲಿ ಬೇಕು, ಅಷ್ಟ."

ಅಪ್ಪ ಡಬ್ಬಿಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಹೋದರು. ಎರಡು ವಾರ ಮನೆಯಲ್ಲಿ ಮುಖ ಬಿಗಿದುಕೊಂಡೇ ಓಡಾಡಿದರು. ಆಮೇಲೆ ಒಂದು ಸಂಜೆ ಬಿಬವೇವಾಡಿಯ ಬಜಾರಿನಿಂದ ಆಟೋದಲ್ಲಿ ಒಂದು ಮಡಚುವ ಮಂಚ ತಂದು ನನ್ನ ಕೋಣೆಯಲ್ಲಿ ಬಿಚ್ಚಿಟ್ಟು, "ಸ್ಪ್ರಿಂಗ್ ಗಟ್ಟಿ ಅದಾವಿಲ್ಲೋ ನೋಡ್ರಿ" ಎಂದು ಯಾರಿಗೋ ಹೇಳಿದಂತೆ ಹೇಳಿ ಕೈಕಾಲು ತೊಳೆಯಲು ಹೋದರು. ನನ್ನಪ್ಪ ಒಪ್ಪಿಕೊಳ್ಳುವ ರೀತಿಯೇ ಅದು. ಸಾಳವೆ ಮಿಸ್ ಕಾಕಾನ ಪ್ರೆಸ್ಸಿಗೆ ಫೋನು ಮಾಡಿದರು. ಇರಲಿ, ಏಪ್ರಿಲ್‌ನಲ್ಲಿ ರಜೆಗೆ ಕರೆದೊಯ್ಯಲು ಬಂದಾಗ ಕೂತು ಮಾತಾಡುತ್ತೇನೆ, ಜೂನಿನಲ್ಲಿ ಕಳಿಸುತ್ತೇನೆ ಎಂದು ಅವರು ಒಪ್ಪಿದರು. ರೂತ್ ಆ ಮಂಚದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಲಗಿ ನೋಡಿದಳು. ಸುಮ್ಮನೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ಏಪ್ರಿಲ್ ಬಂತು. ಪುಣೆಯ ಬಿಸಿಲು ಆ ವರ್ಷ ಮೈ ಸುಡುತ್ತಿತ್ತು. ಪರೀಕ್ಷೆ ಮುಗಿದು ಕೊನೆಯ ಹೋಮ್ ಸಂಡೇ. ಮರುದಿನ ಕಾಕಾ ಬಂದು ರಜೆಗೆಂದು ಕರೆದುಕೊಂಡು ಹೋಗುವವರಿದ್ದರು. ಅವ್ವ ಶೇಂಗಾ ಹೋಳಿಗೆ ಮಾಡಿದ್ದಳು. ಮಧ್ಯಾಹ್ನ ಇಳಿದ ಮೇಲೆ ಹೊರಡುವ ಹೊತ್ತಿಗೆ ದೇವರ ಮುಂದೆ ಮಣೆ ಹಾಕಿ, "ಬಾರವ್ವಾ, ಕೂಡು. ಉಡಿ ತುಂಬ್ತೀನಿ" ಎಂದಳು.

ನಮ್ಮ ಕಡೆ ಇದೊಂದು ಬಿಡಲಾರದ ಪದ್ಧತಿ. ಮನೆಮಗಳು ಊರಿಗೆ ಹೊರಟರೆ, ಬಸಿರಿಯಾದರೆ, ತವರಿಗೆ ಬಂದು ಹೋದರೆ, ಬರಿ ಉಡಿಯಲ್ಲಿ ಹೊಸಿಲು ದಾಟಿಸುವುದಿಲ್ಲ. ಅವ್ವನ ಮನಸ್ಸಿನಲ್ಲಿ ಲೆಕ್ಕ ಸರಳವಾಗಿತ್ತು: ಹುಡುಗಿ ಜೂನಿನಲ್ಲಿ ಮನೆಗೆ ಬರುವವಳು, ಈಗ ಊರಿಗೆ ಹೊರಟಿದ್ದಾಳೆ, ಉಡಿ ತುಂಬಬೇಕು. ಅಷ್ಟೇ. ಅದರಲ್ಲಿ ಧರ್ಮ ಇದೆ ಎಂದು ಅವ್ವನಿಗೆ ಹೊಳೆಯಲೇ ಇಲ್ಲ, ನಾನು ಆಣೆ ಮಾಡಿ ಹೇಳುತ್ತೇನೆ. ಫ್ರಾಕಿಗೆ ಸೆರಗೆಲ್ಲಿಯದು? ನನ್ನ ಓಢಣಿಯನ್ನು ಅವಳ ಹೆಗಲಿಗೆ ಹೊದಿಸಿ, ಅದರ ತುದಿಯನ್ನು ಮಡಿಲಲ್ಲಿ ಹರಡಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದ ಹೆಂಟೆ, ಅರಿಶಿನ ಕೊಂಬು, ರವಿಕೆಗೆಂದು ಹಸಿರು ಖಣ, ಎಲ್ಲ ತುಂಬಿದಳು. ಕುಂಕುಮದ ಬಟ್ಟಲಿಗೆ ಬೆರಳು ಹೋದಾಗ ಮಾತ್ರ ಒಂದು ಕ್ಷಣ ತಡೆದಳು. ರೂತ್ ತಾನಾಗಿ ಹಣೆ ಮುಂದೆ ಮಾಡಿ, "ಹಚ್ರಿ ಮೌಶಿ" ಎಂದಳು.

ಬಸ್ಸಿನಲ್ಲಿ ಕುಂಕುಮ ಒರೆಸಿಕೊಂಡುಬಿಡು ಎಂದು ನಾನೇ ಕರವಸ್ತ್ರ ಕೊಟ್ಟೆ. "ಗೇಟಿನ ತನಕ ಇರ್ಲಿ" ಎಂದಳು. ಮಡಿಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಹೆಣ್ಣುಮಕ್ಕಳು ಹಾಗೆ ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಆದರೂ ಬಂದಿತ್ತು.

ಗೇಟು ದಾಟುವಾಗ ಒರೆಸಲು ಪುರಸೊತ್ತೇ ಆಗಲಿಲ್ಲ. ಕಾಕಾ ಒಂದು ದಿನ ಮೊದಲೇ ಬಂದುಬಿಟ್ಟಿದ್ದರು. ಪೋರ್ಚಿನ ಬೆಂಚಿನ ಮೇಲೆ, ಬಿಳಿ ಶರಟು, ಕೈಚೀಲ, ಉಗುರಿನ ಸಂದಿಯಲ್ಲಿ ಪ್ರೆಸ್ಸಿನ ಮಸಿ. ಪಕ್ಕದಲ್ಲಿ ಸಾಳವೆ ಮಿಸ್. ಕಾಕಾ ನಗುತ್ತಲೇ ಎದ್ದರು. ಹುಡುಗಿಯ ಹಣೆ ನೋಡಿದರು, ಮಡಿಲು ನೋಡಿದರು. ನಗು ಹೋಯಿತು.

"ನಮಸ್ಕಾರ್ರೀ ಅಕ್ಕಾರ" ಎಂದರು ಅವ್ವನಿಗೆ, ಮೆತ್ತಗೆ. "ವರ್ಷಾ ಪೂರ್ತಿ ಹುಡುಗಿಗೆ ಅನ್ನಾ ಹಾಕೀರಿ. ಆ ಋಣಾ ದೊಡ್ಡದೈತಿ. ಖರೆ ಇದೇನ್ರಿ ಇದು?"

"ಊರಿಗೆ ಹೊಂಟಾಳಲ್ರೀ ಅಣ್ಣಾರ, ಉಡಿ ತುಂಬೇನಿ. ಮತ್ತೇನಿಲ್ಲ."

"ಉಡಿ ಅಂದ್ರ ಏನಂತ ನನಗ ಗೊತ್ತಿಲ್ಲೇನ್ರಿ? ನಮ್ಮಜ್ಜ ಚರ್ಚಿಗೆ ಸೇರಿದಾಗ ನಮ್ಮಜ್ಜಿಗೆ ಓಣ್ಯಾಗ ಉಡಿ ತುಂಬೂದು ಬಿಟ್ರು. ಆಕಿ ತವರು ಮನಿಗೆ ಹೋದ್ರ ಹಡದವ್ವನ ಬಾಗಲಾ ಹಾಕ್ಕೊಂಡ್ಳಂತ. ಬರಿ ಉಡೀಲೆ ನಡಕೋತ ಬೆಟಗೇರಿಗೆ ಬಂದ್ಳು. ಸಾಯೂ ತನಕ ಅದನ್ನ ಹೇಳ್ಕೊಂಡು ಅಳ್ತಿದ್ಲು."

"ಹಂಗಾರ ಈ ಹುಡುಗಿನ್ನೂ ಬರಿ ಉಡೀಲೆ ಕಳಸ್ಲೇನು?" ಎಂದಳು ಅವ್ವ. "ನಾ ಧರ್ಮಾ ಗಿರ್ಮಾ ಏನೂ ಮಾಡಿಲ್ರೀ. ಪ್ರೀತಿ ಮಾಡೇನಿ, ಅಷ್ಟ."

"ಅದಕ್ಕ ನನಗ ಅಂಜಿಕಿ ಬರ್ತೈತ್ರಿ ಅಕ್ಕಾರ. ಜಬರ್ದಸ್ತಿ ಮಾಡಿದ್ರ ಜಗಳಾ ಮಾಡಿ ಬಿಡಿಸ್ಕೊಂಡು ಹೋಗ್ತಿದ್ದೆ. ಪ್ರೀತಿ ಮಾಡಿದವರ ಕಡಿಂದ ಹೆಂಗ ಬಿಡಿಸ್ಕೊಳ್ಳೂದು? ನಾಳೆ ಚರ್ಚಿನ್ಯಾಗ ಕೇಳ್ತಾರ, ಅಣ್ಣನ ಮಗಳನ್ನ ಕೊಟ್ಟು ಬಂದ್ಯಾ ಅಂತ. ನಾ ಏನ್ ಹೇಳ್ಲಿ? ಜೂನ್‌ದಾಗ ಕಳಸೂದಿಲ್ರಿ. ತಪ್ಪ ತಿಳಕೋಬ್ಯಾಡ್ರಿ."

ಸಾಳವೆ ಮಿಸ್ ನಾಳೆ ಮಾತಾಡೋಣ, ಬಿಸಿಲಿಗೆ ಬಂದಿದ್ದೀರಿ, ಚಹಾ ಕುಡಿಯಿರಿ ಎಂದು ಮರಾಠಿಯಲ್ಲಿ ಹೇಳುತ್ತಲೇ ಇದ್ದರು. ಕಾಕಾ ಕೇಳಿಸಿಕೊಳ್ಳಲಿಲ್ಲ. ರೂತ್ ಕಡೆ ತಿರುಗಿ, "ಅದನ್ನ ಅವರಿಗೆ ಹೊಳ್ಳಿ ಕೊಡು" ಎಂದರು.

"ಕೊಡಾಂಗಿಲ್ಲ ಕಾಕಾ."

"ಕೊಡು ಅಂದ್ರ ಕೊಡು."

ರೂತ್ ತಲೆ ಅಲ್ಲಾಡಿಸಿ ಮಡಿಲನ್ನು ಎದೆಗೆ ಒತ್ತಿಕೊಂಡಳು. ಕಾಕಾನ ತಾಳ್ಮೆ ಅಲ್ಲಿ ತಪ್ಪಿತು. "ಹಂಗಾರ ಹೇಳು, ಇಲ್ಲೇ ಎಲ್ಲಾರ ಮುಂದ ಹೇಳು. ನೀ ಯಾರಾಕಿ? ನಮ್ಮಾಕಿ ಏನು, ಇವರಾಕಿ ಏನು?"

ರೂತ್ ಬಾಯಿ ತೆರೆದಳು. ಏನು ಹೇಳುತ್ತಿದ್ದಳೋ ದೇವರಿಗೇ ಗೊತ್ತು. ಅವಳು ಹೇಳುವುದಕ್ಕೆ ಅವ್ವ ಬಿಡಲಿಲ್ಲ. ಆ ಪ್ರಶ್ನೆಗೆ ಆ ಮಗು ಯಾವ ಉತ್ತರ ಕೊಟ್ಟರೂ ಆಮೇಲೆ ಅವಳ ಗತಿ ಏನೆಂಬುದು ಅವ್ವನಿಗೆ ತಿಳಿದಿತ್ತು. ಮುಂದೆ ಬಂದು, ತನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿ ನಿಂತಳು. "ಇದರಾಗ ಹಾಕವ್ವಾ. ನಾ ತುಂಬಿದ್ದು, ನಾನ ತಗೋತೀನಿ. ನೀ ಯಾರಿಗೂ ಏನೂ ಹೇಳೂದು ಬ್ಯಾಡ."

ಉಡಿಯನ್ನು ತಿರುಗಿ ಪಡೆದವರನ್ನು ನಾನು ಕಂಡಿಲ್ಲ, ಕೇಳಿಲ್ಲ. ವೈರಿಯ ಮನೆಯ ಹೆಣ್ಣಿಗೂ ಹಾಗೆ ಮಾಡುವುದಿಲ್ಲ. ರೂತ್ ಅವ್ವನ ಮುಖವನ್ನೇ ನೋಡುತ್ತಾ ನಿಂತಳು, ಇದು ನಿಜವೋ ಎನ್ನುವ ಹಾಗೆ. ಆಮೇಲೆ ಅವಳ ಕೈ ಸಡಿಲವಾಯಿತು. ಅಕ್ಕಿ, ಕೊಬ್ಬರಿ, ಬೆಲ್ಲ, ಖಣ ಎಲ್ಲ ಅವ್ವನ ಸೆರಗಿಗೆ ಬಿತ್ತು. ನಾಲ್ಕು ಕಾಳು ಆ ಕೆಂಪು ನೆಲದ ಮೇಲೆ ಚೆಲ್ಲಿದವು. ಸೆರಗನ್ನು ಒಂದು ಕೈಗೆ ಗಂಟು ಹಿಡಿದು, ಇನ್ನೊಂದು ಕೈಯಿಂದ ಅವ್ವ ರೂತಳ ಹಣೆಯ ಕುಂಕುಮವನ್ನು ಒರೆಸಿದಳು. ಹೆಣ್ಣುಮಗುವಿನ ಹಣೆಯ ಕುಂಕುಮವನ್ನು ತಾಯಾದವಳು ತನ್ನ ಕೈಯಾರೆ ಒರೆಸುವುದೆಂದರೆ ಏನೆಂದು ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಸಲಕ್ಕೆ ಹೋಗಲಿಲ್ಲ, ಮತ್ತೆ ಒರೆಸಿದಳು.

"ಚೊಲೋತ್ನಂಗ ಓದು" ಎಂದಳು. ರೂತ್ ನನ್ನ ಓಢಣಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿ ಹೋದಳು. ಕಾಕಾ ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಸಾಳವೆ ಮಿಸ್ ಯಾರ ಕಡೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತಿದ್ದರು.

ಸ್ವಾರಗೇಟಿನವರೆಗೂ ಅವ್ವ ಸೆರಗಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಮನೆಗೆ ಬಂದಾಗ ಅಪ್ಪ ಗಂಟು ನೋಡಿ, "ಯಾಕ, ಏನಾತು?" ಎಂದರು. "ಹೊಳ್ಳಿ ತಂದೆ" ಎಂದಷ್ಟೇ ಹೇಳಿದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅಪ್ಪ ಬಾಗಿಲ ಹೊರಗೆ ನಿಂತೇ ಇದ್ದರು. ಉಡಿಯಕ್ಕಿಯನ್ನು ತುಂಬಿಸಿಕೊಂಡವಳೇ ಬೇಯಿಸಿ ಉಣ್ಣಬೇಕು. ತಿರುಗಿ ಬಂದ ಅಕ್ಕಿಯನ್ನು ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಪದ್ಧತಿಯೇ ಇಲ್ಲ. ಅದು ಡಬ್ಬಿಯಲ್ಲಿ ಹಾಗೇ ಉಳಿಯಿತು. ಮಳೆಗಾಲದಲ್ಲಿ ನುಸಿ ಹಿಡಿದಾಗ ಅಪ್ಪ ಒಂದು ಬೆಳಿಗ್ಗೆ ಅದನ್ನು ಗ್ಯಾಲರಿಯಲ್ಲಿ ಪಾರಿವಾಳಗಳಿಗೆ ಹಾಕಿದರು. ಅವ್ವ ಅಂದು ಆ ಕಡೆ ಬರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು. ಹಾಜರಿ ಕರೆಯುವಾಗ ಅವಳ ಹೆಸರು ಬರಲಿಲ್ಲ, ಯಾರೂ ಯಾಕೆಂದು ಕೇಳಲಿಲ್ಲ. ಬೋರ್ಡಿಂಗಿನ ಮಂಚಗಳನ್ನು ಹಳೇ ಸಾಮಾನಿನವರು ಲಾರಿಗೆ ತುಂಬಿಕೊಂಡು ಹೋದರು. ನನಗೆ ಕಾಕಾನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಕನಸಿನಲ್ಲೂ ಅವರನ್ನು ಬಯ್ಯುತ್ತಿದ್ದೆ. ಅವ್ವ ಮಾತ್ರ ಒಂದು ದಿನವೂ ಬಯ್ಯಲಿಲ್ಲ. ಪತ್ರ ಹಾಕುತ್ತೇನೆ ಎಂದರೆ, "ಬ್ಯಾಡ. ಅವರ ಮನ್ಯಾಗ ಜಗಳಾ ಹಚ್ಚಬ್ಯಾಡ. ತನ್ನವರ ಕೂಡ ಅದಾಳ, ಅಷ್ಟ ಸಾಕು" ಎನ್ನುತ್ತಿದ್ದಳು. ಈ ಮಾತನ್ನು ನಂತರದ ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಯಾರದಾದರೂ ಮಗಳ ಮದುವೆಯ ಊಟದಲ್ಲಿ, ನನ್ನ ಕಾಲೇಜಿನ ರಿಸಲ್ಟ್ ಬಂದ ದಿನ, ಸುಮ್ಮಸುಮ್ಮನೆ ಅಕ್ಕಿ ಆರಿಸುವಾಗ. ತನ್ನವರ ಕೂಡ ಅದಾಳ.

ನಾನು ನೌಕರಿಗೆ ಸೇರಿದ ಮೇಲಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಅವ್ವ ತೆರೆದಳು. ಹೊರಗೆ ಕಾಕಾ ನಿಂತಿದ್ದರು. ಕೂದಲೆಲ್ಲ ಬೆಳ್ಳಗಾಗಿ, ಶರಟು ದೊಗಳೆಯಾಗಿ, ನನಗೆ ತಕ್ಷಣ ಗುರುತೇ ಸಿಗಲಿಲ್ಲ. ಅವ್ವನಿಗೆ ಸಿಕ್ಕಿತು.

"ಬರ್ರಿ ಅಣ್ಣಾರ" ಎಂದಳು, ನಿನ್ನೆ ಮಾತಾಡಿ ಬಿಟ್ಟವಳ ಹಾಗೆ.

ಅವರು ಒಳಗೆ ಬರಲಿಲ್ಲ. ಹೊಸಿಲಾಚೆಯೇ ನಿಂತು, ಅವ್ವನ ಹೆಗಲ ಮೇಲಿಂದ ಒಳಗೆ ಇಣುಕಿ, "ಸಿಟ್ಟ ಮಾಡ್ಕೋಬ್ಯಾಡ್ರಿ ಅಕ್ಕಾರ. ಜಗಳಾ ಮಾಡಾಕ ಬಂದಿಲ್ಲ. ಕರಕೊಂಡು ಹೋಗಾಕೂ ಬಂದಿಲ್ಲ. ಒಮ್ಮಿ ಮುಖಾ ನೋಡಿ ಹೋಗ್ತೀನಿ, ಕರೀರಿ ಆಕಿನ್ನ" ಎಂದರು.

"ಯಾರನ್ನ್ರೀ?"

"ರೂತ್‌ನ್ನ."

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಪೇಪರು ಬಿಟ್ಟು ಎದ್ದು ಬಂದರು. ನಿಂತಲ್ಲೇ ಕಾಕಾ ಹೇಳಿದ್ದಿಷ್ಟು. ರೂತಳನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿಸಿದರು, ಕನ್ನಡದಲ್ಲಿ ಹೋಯಿತು. ಮತ್ತೆ ಕಟ್ಟಿಸಿದರು, ಮತ್ತೆ ಹೋಯಿತು. ಆಮೇಲೆ ಅವರ ಜೊತೆ ಪ್ರೆಸ್ಸಿಗೆ ಬಂದು ಹಾಳೆ ಮಡಿಸುವ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ. ಎದುರು ಮಾತು ಆಡಿದವಳಲ್ಲ, ಹಾಡಿದವಳೂ ಅಲ್ಲ. ವರ ನೋಡಲು ಶುರುಮಾಡಿದಾಗ ಒಂದು ಮುಂಜಾನೆ ಚೀಲ ತೆಗೆದುಕೊಂಡು ಹೊರಟು ನಿಂತಳು.

"ಎಲ್ಲಿಗೆ ಅಂದೆ. 'ಪುಣೆಕ್ಕ ಹೊಂಟೀನಿ ಕಾಕಾ, ನಮ್ಮ ಮನಿಗೆ' ಅಂದ್ಳು. ಮೊದಲ ಸಿಟ್ಟು ಬಂತ್ರಿ, ನಮ್ಮ ಮನಿ ಅಂದ್ಳಲ್ಲ ಅಂತ. ಹೋಗ್ಲಿ, ಅಲ್ಲೇ ಸುಖಾ ಇದ್ರ ಇರ್ಲಿ ಅಂತ ಬಿಟ್ಟೆ. ಎರಡ ವರ್ಷದ ಮ್ಯಾಲಾತು. ಒಂದ್ ಕಾಗದಿಲ್ಲ. ನಿಮ್ಮ ಕೂಡ ಅದಾಳ, ಓದಾಕತ್ತಿರಬೇಕು, ನಾನ ತಪ್ಪ ಮಾಡಿದಾಂವ, ಯಾಕ ಬರೀತಾಳ ಅಂತ ಸುಮ್ಮನಿದ್ದೆ."

ಅವಳು ಇಲ್ಲಿಗೆ ಬಂದೇ ಇಲ್ಲ ಎಂದು ಅಪ್ಪ ಹೇಳಿದರು. ಕಾಕಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನಂಬಲಿಲ್ಲ. ನಾವು ಬಚ್ಚಿಟ್ಟಿದ್ದೇವೆ ಎಂದೇ ಆ ಕಣ್ಣುಗಳಲ್ಲಿತ್ತು, ಹಾಗೆ ಬಚ್ಚಿಟ್ಟಿರಲಿ ಎಂಬ ಆಸೆಯೂ ಇತ್ತು. ಅವ್ವ ಅವರ ತೋಳು ಹಿಡಿದು ಒಳಗೆ ಕರೆತಂದಳು. ನಡುಮನೆ ತೋರಿಸಿದಳು, ನನ್ನ ಕೋಣೆ ತೋರಿಸಿದಳು, ಅಡುಗೆಮನೆ, ಗ್ಯಾಲರಿ, ಬಚ್ಚಲಿನ ಬಾಗಿಲನ್ನೂ ತೆರೆದು ತೋರಿಸಿದಳು. ಅವರೂ ಬಿಡದೆ ಎಲ್ಲವನ್ನೂ ನೋಡಿದರು. ಕೊನೆಗೆ ಗ್ಯಾಲರಿಯ ಕಟ್ಟೆ ಹಿಡಿದು ನಿಂತು, "ಹಂಗಾರ ಆಕಿ ಎಲ್ಲಿಗೆ ಹೋದ್ಳ್ರೀ? ನಮ್ಮ ಮನಿ ಅಂದ್ಳಲ್ಲ. ನಿಮ್ಮ ಮನಿ ಬಿಟ್ರ ಆಕಿಗೆ ಈ ಊರಾಗ ಮತ್ಯಾವ ಮನಿ ಇತ್ತು?" ಎಂದರು.

ಇಷ್ಟು ವರ್ಷ ಈ ಮನುಷ್ಯ ಎದುರಿಗೆ ಬಂದರೆ ಏನೇನು ಅನ್ನಬೇಕೆಂದು ನಾನು ಲೆಕ್ಕ ಹಾಕಿಟ್ಟಿದ್ದೆ. ಅದನ್ನೆಲ್ಲ ಬಿಟ್ಟು ಒಳಗೆ ಹೋಗಿ ಅವರಿಗೆ ನೀರು ತಂದುಕೊಟ್ಟೆ. ಅವ್ವ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಇಲ್ಲಿ ಹೆಂಗ ಬಂದಾಳ್ರೀ ಅಣ್ಣಾರ" ಎಂದಳು. "ಎಲ್ಲಾರ ಮುಂದ ಆಕಿ ಉಡಿ ಬರಿದು ಮಾಡಿದಾಕಿ ನಾನ."